‘ನಂಬಿಕೆ ಇಲ್ಲ’ ಅಂದವನನ್ನು ‘ದೇವರಿಲ್ಲ’ ಅನ್ನಿಸಿದ ಕಥೆ

ಏಳೆಂಟು ವರ್ಷದ ಹಿಂದಿನ ಮಾತು. ಸುಳ್ಯದಿಂದ ಆಚೆ ಒಂದು ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವದ ತಯಾರಿ ನಡೆಯುತ್ತಿತ್ತು. ರಾತ್ರಿ ಹತ್ತರ ತನಕ ಕರಸೇವೆ. ಟ್ಯೂಬ್‌ಲೈಟ್ ಕಟ್ಟಿಕೊಂಡು ಮಣ್ಣು ಹೊರುವುದು, ಅಂಗಳ ಸಮ ಮಾಡುವುದು, ನಡುವೆ ಅವಲಕ್ಕಿ, ಚಹಾ. ನಾವು ಆಗಷ್ಟೇ ಡಿಪ್ಲೊಮಾ ಮುಗಿಸಿ ಒಂದು ಪತ್ರಿಕೆಗೆ ಬಿಡಿ ಸುದ್ದಿ ಕಳಿಸುತ್ತಿದ್ದೆವು. ಸುದ್ದಿಗೆ ಇಷ್ಟು ಎಂದು ದುಡ್ಡು, ಬಾಕ್ಸ್ ಸುದ್ದಿಯಾದರೆ ಸ್ವಲ್ಪ ಜಾಸ್ತಿ.

ಅಲ್ಲಿ ಒಬ್ಬ ಹುಡುಗ ನಾಲ್ಕು ದಿನದಿಂದ ಬಿಡದೆ ಬರುತ್ತಿದ್ದ. ಬುಟ್ಟಿ ಹೊತ್ತು ಅವನ ಹೆಗಲು ಕೆಂಪಾಗಿತ್ತು. “ಭಾರೀ ಭಕ್ತಿ ಕಾಣ್ತದೆ” ಎಂದೆವು. ಅವನು ನಕ್ಕು, “ನನಗೆ ದೇವರ ಮೇಲೆ ಅಂಥಾ ನಂಬಿಕೆ ಏನೂ ಇಲ್ಲ. ಇದ್ದಾನೋ ಇಲ್ಲವೋ ಗೊತ್ತಿಲ್ಲ. ಊರಿನವರೆಲ್ಲ ಬೆವರು ಸುರಿಸುವಾಗ ಮನೆಯಲ್ಲಿ ಮೊಬೈಲ್ ನೋಡ್ತಾ ಕೂರುವುದು ಸರಿಯಲ್ಲ ಅಂತ ಬಂದೆ” ಎಂದ.

ಒಳ್ಳೆಯ ಬಾಕ್ಸ್ ಸಿಕ್ಕಿತು ಅಂತ ನಮಗೆ ಖುಷಿ. ‘ದೇವರೇ ಇಲ್ಲ ಎನ್ನುವ ಯುವಕನಿಂದಲೂ ಕರಸೇವೆ’ ಎಂದು ನಾವೇ ತಲೆಬರಹ ಕೊಟ್ಟು ಕಳಿಸಿದೆವು. ಹೆಸರು ಹಾಕಿರಲಿಲ್ಲ. ಇನ್ನೂರು ಮುನ್ನೂರು ಮನೆಯ ಊರಿನಲ್ಲಿ ಹೆಸರು ಯಾಕೆ ಬೇಕು? ಬೆಳಗ್ಗೆ ಹಾಲಿನ ಡೈರಿಯ ಹೊತ್ತಿಗೇ ಎಲ್ಲರಿಗೂ ಗೊತ್ತಾಗಿತ್ತು. ಮರುದಿನ ಹುಡುಗನ ತಾಯಿ ಫೋನ್ ಮಾಡಿದರು. ಬೈಯಲಿಲ್ಲ. “ನನ್ನ ಮಗ ದೇವರಿಲ್ಲ ಅಂತ ಹೇಳಿದ್ದು ಹೌದಾ?” ಎಂದಷ್ಟೇ ಕೇಳಿದರು. ಮಗಳಿಗೆ ಸಂಬಂಧ ನೋಡುತ್ತಿದ್ದ ದಿನಗಳು ಅವು. ಬರಬೇಕಾದವರು ಆ ಭಾನುವಾರ ಬರಲಿಲ್ಲ. ಹುಡುಗನೂ ಮತ್ತೆ ಕರಸೇವೆಗೆ ಬರಲಿಲ್ಲ. ಯಾರೋ ಏನೋ ಅಂದಿದ್ದರಂತೆ.

ತಿದ್ದುಪಡಿ ಹಾಕಿ ಎಂದು ಡೆಸ್ಕಿಗೆ ಫೋನ್ ಮಾಡಿದೆವು. ಆ ಕಡೆಯಿಂದ ಬಂದ ಉತ್ತರ: “ನಂಬಿಕೆ ಇಲ್ಲ, ದೇವರಿಲ್ಲ, ಎರಡೂ ಒಂದೇ ಅಲ್ವಾ ಮಾರಾಯ್ರೆ?” ಆ ಹೊತ್ತಿಗೆ ನಮಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಈಗ ಬರೆಯುತ್ತಿದ್ದೇವೆ.

ಮೊದಲು ಅಡಿಕೆಯಿಂದ ಶುರು ಮಾಡೋಣ. ನಿಮ್ಮ ಅಂಗಳಕ್ಕೆ ಬಂದ ವ್ಯಾಪಾರಿ ಗೋಣಿ ಎತ್ತಿ ನೋಡಿ “ಇದರಲ್ಲಿ ಅರುವತ್ತು ಕಿಲೋ ಉಂಟು” ಅನ್ನುತ್ತಾನೆ. ನೀವು “ತೂಕ ನೋಡದೆ ನಾನು ಒಪ್ಪುವುದಿಲ್ಲ” ಅನ್ನಬಹುದು. ಅಥವಾ “ಇದು ಅರುವತ್ತು ಅಲ್ಲ” ಅನ್ನಬಹುದು. ಮೊದಲನೆಯ ಮಾತಿಗೆ ಯಾರೂ ನಿಮ್ಮ ಹತ್ತಿರ ಲೆಕ್ಕ ಕೇಳುವುದಿಲ್ಲ. ಎರಡನೆಯದಕ್ಕೆ “ಹಾಗಾದರೆ ಎಷ್ಟು? ನೀವು ತೂಗಿದ್ದೀರಾ?” ಎಂಬ ಪ್ರಶ್ನೆ ಬರುತ್ತದೆ. ಬರಬೇಕು ಕೂಡ. ಒಪ್ಪದೇ ಇರುವುದು ಒಂದು, ಅಲ್ಲ ಎಂದು ಸಾಧಿಸುವುದು ಇನ್ನೊಂದು. ಅಡಿಕೆ ವಿಷಯದಲ್ಲಿ ನಮಗೆ ಇದು ನಿದ್ದೆಯಲ್ಲೂ ಗೊತ್ತಾಗುತ್ತದೆ.

ಜಾಗದ ತಕರಾರಿಗೆಂದು ಪುತ್ತೂರು ಕೋರ್ಟಿಗೆ ಅಲೆದವರಿಗೂ ಗೊತ್ತಿರುವ ವಿಷಯ. 1872ರ ಸಾಕ್ಷ್ಯ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದರು: ರುಜುವಾತಾದದ್ದು, ಸುಳ್ಳೆಂದು ರುಜುವಾತಾದದ್ದು, ರುಜುವಾತಾಗದೇ ಉಳಿದದ್ದು. ಮೂರನೆಯದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. 2024ರ ಜುಲೈ 1ರಿಂದ ಹಳೆ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಅದರಲ್ಲೂ ಈ ಮೂರೂ ಹಾಗೇ ಇವೆ. ಗಡಿಕಲ್ಲು ಸರಿಸಿದ್ದು ನೀವೇ ಎಂದು ನೆರೆಮನೆಯವರಿಗೆ ಸಾಬೀತು ಮಾಡಲು ಆಗದಿದ್ದರೆ, ಕಲ್ಲು ಸರಿದೇ ಇಲ್ಲ ಎಂದು ಸಾಬೀತಾದ ಹಾಗಲ್ಲ.

ದೇವರ ಮಾತು ಬಂದಾಗ ಮಾತ್ರ ಈ ಮೂರನೆಯ ಖಾನೆ ನಮ್ಮ ಬಾಯಿಂದ ಮಾಯವಾಗುತ್ತದೆ. ಇದಕ್ಕೆ ಭಾಷೆಯದ್ದೂ ಸ್ವಲ್ಪ ಪಾಲುಂಟು. ತುಳುವಿನಲ್ಲಿ ‘ದೇವೆರ್ ಇಜ್ಜಿ’ ಎಂದರೂ ‘ಎಂಕ್ ನಂಬಿಕೆ ಇಜ್ಜಿ’ ಎಂದರೂ ಕೊನೆಗೆ ಕೇಳುವುದು ಅದೇ ‘ಇಜ್ಜಿ’. ಕನ್ನಡದಲ್ಲೂ ಹಾಗೆಯೇ, ಎರಡರ ಬಾಲದಲ್ಲೂ ‘ಇಲ್ಲ’. ಮೊದಲನೆಯದರಲ್ಲಿ ಇಲ್ಲದ್ದು ದೇವರು, ಎರಡನೆಯದರಲ್ಲಿ ಇಲ್ಲದ್ದು ಹೇಳುವವನ ಎದೆಯೊಳಗಿನ ನಂಬಿಕೆ. ಮೈಕಿನ ಸದ್ದು, ಚೆಂಡೆಯ ಸದ್ದಿನ ನಡುವೆ ಅರ್ಧ ಕೇಳಿದವನಿಗೆ ಕೊನೆಯ ‘ಇಲ್ಲ’ ಮಾತ್ರ ಕಿವಿಗೆ ಬೀಳುತ್ತದೆ. ನಮಗೆ ಅವತ್ತು ಆದದ್ದೂ ಅದೇ. ಹುಡುಗ ಹೇಳಿದ ಕೊನೆಯ ಮಾತು ‘ಗೊತ್ತಿಲ್ಲ’. ತುಳುವಿನಲ್ಲಾದರೆ ‘ಗೊತ್ತುಜ್ಜಿ’, ಹವ್ಯಕ ಮನೆಗಳಲ್ಲಾದರೆ ‘ಗೊಂತಿಲ್ಲೆ’. ಎಲ್ಲ ಭಾಷೆಯಲ್ಲೂ ಅದಕ್ಕೆ ಬೇರೆಯೇ ಮಾತಿದೆ. ನಾವು ಬಳಸಲಿಲ್ಲ ಅಷ್ಟೆ.

‘ನಾಸ್ತಿಕ’ ಎಂಬ ಪದವನ್ನೇ ನೋಡಿ. ಪಾಣಿನಿಯ ವ್ಯಾಕರಣದಲ್ಲಿ ಒಂದು ಸೂತ್ರ ಇದೆ. ‘ಅಸ್ತಿ’, ಅಂದರೆ ಇದೆ, ಎಂದು ತಿಳಿದವನು ಆಸ್ತಿಕ. ‘ನಾಸ್ತಿ’, ಅಂದರೆ ಇಲ್ಲ, ಎಂದು ತಿಳಿದವನು ನಾಸ್ತಿಕ. ಎಲ್ಲ ವಿಧಿ ಎಂದು ತಿಳಿದವನು ದೈಷ್ಟಿಕ. ಈ ಸೂತ್ರದ ಪ್ರಕಾರ ನಾಸ್ತಿಕ ಎಂದರೆ ಇಲ್ಲ ಎಂದು ಖಚಿತ ಮಾಡಿಕೊಂಡವನು. ಸುಮ್ಮನೆ ಸಂಶಯದಲ್ಲಿರುವವನಲ್ಲ. ಇಲ್ಲದ್ದು ಏನು ಎಂದರೆ ಪರಲೋಕ ಎಂದು ಆಮೇಲಿನ ವ್ಯಾಖ್ಯಾನಕಾರರು ಹೇಳಿದರು. ಮನುಸ್ಮೃತಿಗೆ ಬಂದರೆ ವೇದವನ್ನು ಹಳಿಯುವವನೇ ನಾಸ್ತಿಕ. ಹಾಗಾಗಿ ಜೈನರಿಗೂ ಬೌದ್ಧರಿಗೂ ಆ ಹಣೆಪಟ್ಟಿ ಬಿತ್ತು. ತಮಾಷೆ ಏನೆಂದರೆ, ಜಗತ್ತನ್ನು ಸೃಷ್ಟಿಸಿದ ದೇವರೊಬ್ಬ ಬೇಕು ಎಂದು ಒಪ್ಪದ ಹಳೆಯ ಮೀಮಾಂಸಕರು ವೇದ ಒಪ್ಪಿದ ಕಾರಣಕ್ಕೆ ಆಸ್ತಿಕರ ಪಟ್ಟಿಯಲ್ಲೇ ಉಳಿದರು! ಪದ ಒಂದೇ, ಕಾಲಕ್ಕೊಂದು ಅರ್ಥ. ಇವತ್ತು ನಮ್ಮ ಊರುಗಳಲ್ಲಿ ತಂಬಿಲಕ್ಕೆ ಬಾರದವನಿಂದ ಹಿಡಿದು ರಶೀದಿ ಪುಸ್ತಕ ಕಂಡಾಗ ಹಿಂಬಾಗಿಲಿಂದ ಹೋಗುವವನ ತನಕ ಎಲ್ಲರೂ ನಾಸ್ತಿಕರೇ.

ಆದರೆ ಈ ಎರಡರ ವ್ಯತ್ಯಾಸ ನಮ್ಮ ಹಿರಿಯರಿಗೆ ಗೊತ್ತಿತ್ತು ಎನ್ನಲು ಒಂದು ಹಳೆಯ ಪ್ರಸಂಗ ಸಾಕು. ಬುದ್ಧನ ಕಾಲದ ಮಗಧದ ರಾಜ ಅಜಾತಶತ್ರು ಆರು ಮಂದಿ ಗುರುಗಳ ಬಳಿಗೆ ಹೋಗಿ ಸನ್ಯಾಸದ ಫಲ ಏನು ಎಂದು ಕೇಳಿದ ಕಥೆ ಪಾಲಿ ಗ್ರಂಥ ದೀಘನಿಕಾಯದಲ್ಲಿದೆ. ಅವರಲ್ಲಿ ಕೂದಲಿನ ಕಂಬಳಿ ಹೊದ್ದ ಅಜಿತ ಕೇಶಕಂಬಳಿ ಎಂಬವನು ನೇರ ನಿರಾಕರಣೆಯವನು: ಸತ್ತ ಮೇಲೆ ಏನೂ ಇಲ್ಲ, ದಾನಕ್ಕೆ ಫಲ ಇಲ್ಲ, ದೇಹ ಮಣ್ಣಿಗೆ ಸೇರುತ್ತದೆ, ಮುಗಿಯಿತು. ಅದೇ ಪಟ್ಟಿಯಲ್ಲಿ ಸಂಜಯ ಬೇಲಟ್ಠಿಪುತ್ತ ಎಂಬವನಿದ್ದಾನೆ. ಅವನನ್ನು ಪರಲೋಕ ಇದೆಯೇ ಎಂದರೆ ಇದೆ ಎನ್ನಲಾರ, ಇಲ್ಲ ಎನ್ನಲಾರ, ಇದೆಯೂ ಇಲ್ಲವೂ ಎನ್ನಲಾರ. ಬೌದ್ಧರು ಇವನನ್ನು ಕೈಗೆ ಸಿಗದೆ ಜಾರುವ ಹಾವುಮೀನಿನ ಗುಂಪಿಗೆ ಸೇರಿಸಿ ಗೇಲಿ ಮಾಡಿದ್ದಾರೆ. ಆದರೂ ಬುದ್ಧನ ಇಬ್ಬರು ಮುಖ್ಯ ಶಿಷ್ಯರು, ಸಾರಿಪುತ್ತ ಮತ್ತು ಮೊಗ್ಗಲ್ಲಾನ, ಮೊದಲು ಈ ಸಂಜಯನ ಬಳಿಯೇ ಇದ್ದವರು. ಎರಡೂವರೆ ಸಾವಿರ ವರ್ಷದ ಹಿಂದೆ ಅಜಿತನನ್ನೂ ಸಂಜಯನನ್ನೂ ಎರಡು ಬೇರೆ ಹೆಸರು, ಎರಡು ಬೇರೆ ಉತ್ತರ ಕೊಟ್ಟು ಬರೆದಿಟ್ಟಿದ್ದಾರೆ. ನಾವು ಒಂದೇ ತಲೆಬರಹದಲ್ಲಿ ಮುಗಿಸಿದೆವು.

ಈಗ ಪುತ್ತೂರಿಗೆ ಬರೋಣ. ಬಸ್‌ಸ್ಟ್ಯಾಂಡ್ ಬಳಿಯ ಗಾಂಧಿಕಟ್ಟೆ ನೀವೆಲ್ಲ ನೋಡಿದ್ದೇ. 1934ರ ಫೆಬ್ರವರಿ ಕೊನೆಯ ವಾರ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕೊಡಗಿನಿಂದ ಘಟ್ಟ ಇಳಿದು ಪುತ್ತೂರಿಗೆ ಬಂದರು. ಅದಕ್ಕೂ ತಿಂಗಳು ಮೊದಲು, ಜನವರಿ 15ರಂದು, ಬಿಹಾರದಲ್ಲಿ ಭೀಕರ ಭೂಕಂಪ ಆಗಿ ಸಾವಿರಾರು ಜನ ಸತ್ತಿದ್ದರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಯಾತ್ರೆಯಲ್ಲಿ ಹೇಳುತ್ತಿದ್ದರು. ಇದನ್ನು ಬಹಿರಂಗವಾಗಿ ಒಪ್ಪದವರು ರವೀಂದ್ರನಾಥ ಠಾಗೋರ್. ಅವರೇನು ನಾಸ್ತಿಕರಲ್ಲ, ಅಸ್ಪೃಶ್ಯತೆಯ ಪರವೂ ಅಲ್ಲ. ಭೂಮಿ ನಡುಗುವುದಕ್ಕೆ ಭೂಮಿಯೊಳಗಿನ ಕಾರಣವೇ ಇರುತ್ತದೆ, ನಮ್ಮ ಪಾಪಪುಣ್ಯಕ್ಕೆ ಅದನ್ನು ಗಂಟು ಹಾಕಬಾರದು ಎಂಬುದು ಅವರ ವಾದ. ಗಾಂಧೀಜಿ ಆ ಟೀಕೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿ, ಜೊತೆಗೆ ತಮ್ಮ ಉತ್ತರ ಬರೆದರು. ಇದು ನನ್ನ ನಂಬಿಕೆ, ಸಾಬೀತು ಮಾಡಲು ನನ್ನಿಂದ ಆಗದು ಎಂದೂ ಒಪ್ಪಿಕೊಂಡರು. ತನ್ನ ಮಾತು ಒಪ್ಪದವನನ್ನು ದೇವರ ವೈರಿ ಎಂದು ಅವರು ಕರೆಯಲಿಲ್ಲ. ನಮಗೆ ಗಾಂಧೀಜಿಯ ಭೂಕಂಪದ ಮಾತು ಒಪ್ಪಿಗೆಯಾಗುವುದಿಲ್ಲ. ಆದರೆ ಎದುರಾಳಿಯ ಮಾತನ್ನು ತನ್ನದೇ ಪತ್ರಿಕೆಯಲ್ಲಿ ಅಚ್ಚು ಹಾಕುವ ಆ ಪದ್ಧತಿ ಕಂಡು, ತಿದ್ದುಪಡಿ ಹಾಕಿಸಲಾಗದ ನಮಗೆ ಹೊಟ್ಟೆಕಿಚ್ಚಾಗುತ್ತದೆ.

ಆ ಹೊತ್ತಿಗೆ ಪುತ್ತೂರಿನಲ್ಲೇ ಇನ್ನೊಬ್ಬರಿದ್ದರು. ಕೋಟದಲ್ಲಿ 1902ರಲ್ಲಿ ಹುಟ್ಟಿ, ಸುಮಾರು 4 ದಶಕ ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು. ಪರ್ಲಡ್ಕದ ಬಾಲವನ ಅವರು ಮಕ್ಕಳಿಗಾಗಿ ಕಟ್ಟಿದ್ದು. ಪೂಜೆ ಪುನಸ್ಕಾರದಿಂದ ದೂರ ಇದ್ದವರು, ಜಾತಿ ನೋಡದೆ ಮದುವೆಯಾದವರು, ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನದ ಸಂಪುಟಗಳನ್ನು ಬರೆದವರು. “ಕಾರಂತರಾ? ಅವರು ದೇವರಿಲ್ಲ ಅನ್ನುವವರು” ಎಂದು ಹಿರಿಯರು ಇವತ್ತಿಗೂ ಹೇಳುವುದನ್ನು ನಾವು ಕೇಳಿದ್ದೇವೆ.

ಪುಸ್ತಕ ತೆಗೆದು ನೋಡಿದರೆ ಸಂಗತಿ ಅಷ್ಟು ಸಲೀಸಿಲ್ಲ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಅವರಿಗೆ 1977ರ ಜ್ಞಾನಪೀಠ ಬಂತು. ಅದರಲ್ಲಿ ಬಾಲವಿಧವೆಯಾದ ಒಬ್ಬ ಅಜ್ಜಿ, ತಲೆ ತುಂಬಾ ಪ್ರಶ್ನೆ ತುಂಬಿಕೊಂಡ ಮೊಮ್ಮಗ ಸುಬ್ಬರಾಯ. ಹಳೆಯ ವಸ್ತುವೊಂದನ್ನು ಮುಟ್ಟಿದರೆ ಅಜ್ಜಿಗೆ ಅದರ ಹಿಂದಿನ ಕಾಲ ಕಾಣುತ್ತದೆ. ಅವಳು ದೇವರುಗಳ ಬಗ್ಗೆ ಮುಲಾಜಿಲ್ಲದೆ ಮಾತಾಡುತ್ತಾಳೆ. ಮನುಷ್ಯ ಬೆಳೆದ ಹಾಗೆ ಅವನ ದೇವರೂ ರೂಪ ಬದಲಿಸುತ್ತಾ ಬಂದದ್ದನ್ನು ಕಾಣಿಸುತ್ತಾಳೆ. ಹೀಗೆ ದೇವರ ಕಲ್ಪನೆಯನ್ನು ಬಿಚ್ಚಿ ನೋಡುವ ಕಾದಂಬರಿ ದೇವರಿಲ್ಲ ಎಂಬ ತೀರ್ಪು ಬರೆದು ಬಾಗಿಲು ಹಾಕುವುದಿಲ್ಲ. ಅಜ್ಜಿಗೆ ತೀರ್ಪಿಗಿಂತ ಬದುಕಿನ ಮೇಲೆ ಆಸೆ ಜಾಸ್ತಿ.

ಅದಕ್ಕೂ ಮೊದಲಿನ ‘ಚೋಮನ ದುಡಿ’ ನೆನಪು ಮಾಡಿಕೊಳ್ಳಿ, 1933ರದ್ದು. ಭೂಮಿ ಸಿಗುತ್ತದೆ ಎಂಬ ಆಸೆಗೆ ಮತ ಬದಲಿಸಲು ಹೊರಟ ಚೋಮ, ತನ್ನ ಪಂಜುರ್ಲಿಯನ್ನು ಬಿಡಲಾರದೆ ಹಿಂದೆ ಬರುತ್ತಾನೆ. ಪಂಜುರ್ಲಿಗೆ ಕೈ ಮುಗಿಯದ ಲೇಖಕ, ಪಂಜುರ್ಲಿಯನ್ನು ಬಿಡಲಾರದವನ ಸಂಕಟವನ್ನು ಎಲ್ಲೂ ಹಗುರ ಮಾಡದೆ ಬರೆದಿದ್ದಾರೆ. ಸುಬ್ರಹ್ಮಣ್ಯ ಕಡೆಯ ಕಾಡುಬೆಟ್ಟದ ಬದುಕನ್ನು ‘ಬೆಟ್ಟದ ಜೀವ’ದಲ್ಲಿ ಬರೆದರು. ಪುತ್ತೂರಿನ ದಸರಾ ನಾಡಹಬ್ಬದಲ್ಲಿ ಮೊಳಹಳ್ಳಿ ಶಿವರಾಯರಂಥವರ ಜೊತೆ ಸೇರಿ ದುಡಿದರು. ದೇವತೆಗಳ, ರಾಕ್ಷಸರ ಕಥೆಯಾದ ಯಕ್ಷಗಾನಕ್ಕೆ ಆಯುಷ್ಯದ ದೊಡ್ಡ ಪಾಲನ್ನೇ ಕೊಟ್ಟರು. ನಮ್ಮ ಕರಸೇವೆಯ ಹುಡುಗನೂ ಇದೇ ಜಾತಿಯವನಲ್ಲವೇ? ನಂಬಿಕೆ ಇಲ್ಲ, ಆದರೆ ಊರಿನ ಕೆಲಸಕ್ಕೆ ಹೆಗಲು ಇದೆ.

ಇಲ್ಲಿ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ‘ಇಲ್ಲ’ ಎಂದೇ ಗಟ್ಟಿಯಾಗಿ ಹೇಳಿದವರೂ ಇದ್ದಾರೆ, ಅವರನ್ನು ‘ಪಾಪ, ಸಂಶಯ ಅಷ್ಟೆ’ ಎಂದು ಮೆತ್ತಗೆ ಮಾಡುವುದೂ ಸುಳ್ಳು ಸುದ್ದಿಯೇ. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ದೇವರಿಲ್ಲ ಎಂದು ಸಾರಿದ್ದಕ್ಕೆ 1933ರಲ್ಲಿ ಕಾಕಿನಾಡದಲ್ಲಿ, ಮತ್ತೆ 1939ರಲ್ಲಿ ಮಚಲೀಪಟ್ಟಣದಲ್ಲಿ ಕೆಲಸ ಹೋಯಿತು. 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ತೆರೆದರು, ಅದು ಈಗ ವಿಜಯವಾಡದಲ್ಲಿದೆ. ಅಸ್ಪೃಶ್ಯತೆ ಹೋಗಬೇಕಾದರೆ ದೇವರು ಮತ್ತು ವಿಧಿಯ ಮೇಲಿನ ಭರವಸೆ ಹೋಗಬೇಕು ಎಂಬುದು ಅವರ ವಾದ. ಇದನ್ನು ಗಾಂಧೀಜಿಯ ಎದುರೇ ಕೂತು ವಾದಿಸಿದರು. ಗೋರಾ ತಮ್ಮನ್ನು ನಾಸ್ತಿಕ ಎಂದೇ ಕರೆದುಕೊಂಡರು, ಅದರ ಬೆಲೆಯನ್ನೂ ತಾವೇ ತೆತ್ತರು. ನಮ್ಮ ಹುಡುಗ ಹಾಗೆ ಕರೆದುಕೊಳ್ಳಲಿಲ್ಲ. ಬೆಲೆ ಮಾತ್ರ ಅವನ ಮನೆಯವರು ತೆತ್ತರು, ಅದೂ ನಮ್ಮ ಕೈಯಿಂದ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರನ್ನು ಈ ಎರಡರಲ್ಲಿ ಯಾವ ಕಡೆ ಇಡುವುದು? 1976ರಲ್ಲಿ ಅವರು ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸುವ ಸಮಿತಿ ಮಾಡಿ, ಪುಟ್ಟಪರ್ತಿಯ ಸಾಯಿಬಾಬಾಗೆ ಪತ್ರ ಬರೆದರು. ನೀವು ಮಾಡುತ್ತೀರಿ ಎನ್ನುವುದನ್ನು ನಮ್ಮ ಎದುರು, ನಮ್ಮ ಷರತ್ತಿನಲ್ಲಿ ಮಾಡಿ ತೋರಿಸಿ ಎಂಬುದು ಬೇಡಿಕೆ. ಮೂರು ಪತ್ರ ಹೋದರೂ ಉತ್ತರ ಬರಲಿಲ್ಲ. ಕೇಳಿದ್ದೇ ಅಪಚಾರ ಎಂದು ಆಗ ಬಹಳ ಗಲಾಟೆಯಾಯಿತು. ಆದರೆ ಗೋಣಿಯನ್ನು ತಕ್ಕಡಿಯ ಮೇಲಿಡಿ ಎಂದದ್ದಕ್ಕಿಂತ ಹೆಚ್ಚಿನದೇನನ್ನೂ ಆ ಪತ್ರಗಳು ಕೇಳಿರಲಿಲ್ಲ.

ಕೊನೆಗೆ ನಮಗೆ ಎಲ್ಲಕ್ಕಿಂತ ಹೆಚ್ಚು ರುಚಿಸಿದ ಪ್ರಸಂಗ. ಇದರಲ್ಲಿ ನಮ್ಮ ಜಿಲ್ಲೆಯವರೇ ಇದ್ದಾರೆ.

ಮಂಗಳೂರಿನಲ್ಲಿ 1907ರಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್ ಐಸಿಎಸ್ ಹುದ್ದೆ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು, ಸುಭಾಷರ ಜೊತೆಗಿದ್ದವರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1949ರ ಅಕ್ಟೋಬರ್ 17. ಸಂವಿಧಾನದ ಎಲ್ಲ ವಿಧಿಗಳ ಚರ್ಚೆ ಮುಗಿದು ಪೀಠಿಕೆಯ ಸರದಿ. ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಬೇಕು ಎಂದು ಕಾಮತ್ ತಿದ್ದುಪಡಿ ತಂದರು. ಸಭೆಗೆ ಮುಜುಗರ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ದಿನಾ ದೇವರಿಗೆ ಕೈ ಮುಗಿಯುವವರೇ. ಅಧ್ಯಕ್ಷರ ಕುರ್ಚಿಯಲ್ಲಿದ್ದ ರಾಜೇಂದ್ರ ಪ್ರಸಾದರ ದೈವಭಕ್ತಿ ಎಲ್ಲರಿಗೂ ಗೊತ್ತು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೈ ಎದ್ದು, ನಂಬಿಕೆಯ ವಿಷಯದಲ್ಲಿ ಬಲವಂತ ಸಲ್ಲದು, ಇದು ಬಲವಂತವೇ ಆಗುತ್ತದೆ ಎಂದರು. ಹೃದಯನಾಥ ಕುಂಜ್ರು ಅವರ ಆಕ್ಷೇಪವೂ ಅದೇ ಧಾಟಿಯದು: ಒಬ್ಬೊಬ್ಬನ ಮನಸ್ಸಿನ ಆಳದ ಸಂಗತಿಯನ್ನು ಎಲ್ಲರ ಹೆಸರಿನಲ್ಲಿ ಹೇರುವುದು ಯಾಕೆ? ರೋಹಿಣಿ ಕುಮಾರ್ ಚೌಧರಿ ಎಂಬ ಅಸ್ಸಾಂನ ಸದಸ್ಯರು, ದೇವರೊಬ್ಬನೇ ಯಾಕೆ, ದೇವಿಯೂ ಬರಲಿ ಎಂದರು. ಶಕ್ತಿಯ ಆರಾಧಕರು ಅವರು. ದೇವರನ್ನು ಮತಕ್ಕೆ ಹಾಕುವ ಇಕ್ಕಟ್ಟಿಗೆ ನಮ್ಮನ್ನು ನೂಕಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಮತಕ್ಕೆ ಹಾಕಿಯೇ ಆಯಿತು. ಪರ 41, ವಿರೋಧ 68. ತಿದ್ದುಪಡಿ ಬಿತ್ತು. ಕಾಮತ್ ಬಹಳ ನೊಂದುಕೊಂಡರು.

ಇದಕ್ಕೆ ನಾವು ಅವತ್ತಿನ ನಮ್ಮ ಬುದ್ಧಿಯಲ್ಲಿ ತಲೆಬರಹ ಕೊಡುತ್ತಿದ್ದರೆ ಏನು ಕೊಡುತ್ತಿದ್ದೆವು? ‘ದೇವರಿಗೆ ಸೋಲು’, ‘ದೇವರನ್ನು ತಿರಸ್ಕರಿಸಿದ ಸಭೆ’. ಆ 68 ಮಂದಿಯಲ್ಲಿ ದೇವರಿಲ್ಲ ಎಂದವರು ಎಷ್ಟು? ಅವರಿಗೆ ಬಂದ ಪ್ರಶ್ನೆಯೇ ಅದಲ್ಲ. ಪೀಠಿಕೆ ದೇವರಿದ್ದಾನೆ ಎಂದು ಹೇಳಲಿಲ್ಲ, ದೇವರಿಲ್ಲ ಎಂದೂ ಹೇಳಲಿಲ್ಲ. ‘ಭಾರತದ ಜನತೆಯಾದ ನಾವು’ ಎಂದು ಶುರು ಮಾಡಿ ತನ್ನ ಕೆಲಸಕ್ಕೆ ಹೋಯಿತು. ಅದೇ ಸಂವಿಧಾನದ ಪ್ರಮಾಣವಚನದಲ್ಲಿ ಎರಡು ದಾರಿ ಇಟ್ಟಿದ್ದಾರೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಪ್ರಮಾಣದಲ್ಲಿ ದೇವರ ಹೆಸರು ಇರಬೇಕು ಎಂದು ಒತ್ತಾಯಿಸಿದವರಲ್ಲೂ ಕಾಮತ್ ಇದ್ದರು, ಅದು ನಡೆಯಿತು. ಎರಡನೆಯ ದಾರಿ ಹಿಡಿದವನನ್ನು ‘ಯಾಕೆ, ನಿನಗೆ ದೇವರು ಇಲ್ಲವಾ, ಇದ್ದರೂ ಬೇಡವಾ, ಗೊತ್ತಿಲ್ಲವಾ’ ಎಂದು ಯಾರೂ ಕೇಳುವ ಹಾಗಿಲ್ಲ. ಪುತ್ತೂರು ಕೋರ್ಟಿನ ಸಾಕ್ಷಿಕಟ್ಟೆಯಲ್ಲೂ 1969ರ ಪ್ರಮಾಣ ಕಾಯ್ದೆಯ ಪ್ರಕಾರ ಇದೇ ಸವಲತ್ತು.

ಜನಗಣತಿಯವರಿಗೂ ಈ ಗೊಂದಲ ತಪ್ಪಿಲ್ಲ. 2011ರ ಲೆಕ್ಕದಲ್ಲಿ ‘ಧರ್ಮ ತಿಳಿಸಿಲ್ಲ’ ಎಂಬ ಕಾಲಮ್ಮಿನಲ್ಲಿ ದೇಶದ ಸುಮಾರು 28.7 ಲಕ್ಷ ಮಂದಿ ಇದ್ದಾರೆ. ಅದನ್ನು ‘ಇಷ್ಟು ಲಕ್ಷ ನಾಸ್ತಿಕರು’ ಎಂದು ಬರೆದ ಸುದ್ದಿಗಳನ್ನು ನಾವು ಓದಿದ್ದೇವೆ. ತಿಳಿಸದೇ ಇದ್ದವರು ತಿಳಿಸಿಲ್ಲ, ಅಷ್ಟೇ.

ಕಡಬದ ಕಡೆಯವರು ನಮ್ಮ ತಾಲೂಕನ್ನು ಬಿಟ್ಟಿರಿ ಎಂದು ಬೇಸರ ಮಾಡುವುದು ಬೇಡ. ಪೇಜಾವರದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ್ದು ರಾಮಕುಂಜದಲ್ಲಿ. ಕುಕ್ಕೆಯ ಮಡೆಸ್ನಾನದ ಗಲಾಟೆ ಜೋರಾಗಿದ್ದಾಗ, ಉಂಡ ಎಲೆಯ ಮೇಲೆ ಉರುಳುವುದು ಬೇಡ, ದೇವರಿಗೆ ಇಟ್ಟ ನೈವೇದ್ಯದ ಎಲೆಯ ಮೇಲೆ ಎಡೆಸ್ನಾನ ಸಾಕು ಎಂದರು. ಪೂರ್ತಿ ನಿಲ್ಲಿಸಬೇಕು ಎಂದವರಿಗೆ ಅದು ಕಡಿಮೆಯಾಯಿತು, ಒಂದಿಷ್ಟೂ ಬದಲಾಗಬಾರದು ಎಂದವರಿಗೆ ಹೆಚ್ಚಾಯಿತು. ಎಡೆಸ್ನಾನ ಸಾಕಾಗಿತ್ತೇ ಎಂದರೆ ನಮ್ಮ ಉತ್ತರ ಸಾಕಾಗಿರಲಿಲ್ಲ ಎಂದೇ. ಆದರೆ ಒಂದು ಆಚರಣೆ ಬೇಡ ಎಂದ ಮಾತ್ರಕ್ಕೆ ಆ ಯತಿಯನ್ನು ಯಾರಾದರೂ ನಾಸ್ತಿಕ ಎನ್ನಲು ಸಾಧ್ಯವೇ? ಅದೇ ಮಾತನ್ನು ಕಾಲೇಜು ಹುಡುಗಿಯೊಬ್ಬಳು ಬಸ್ಸಿನಲ್ಲಿ ಹೇಳಿದರೆ ಆ ಹೆಸರು ಬೀಳುವುದಕ್ಕೆ ಮುಂದಿನ ಸ್ಟಾಪು ಕೂಡ ಬೇಕಾಗುವುದಿಲ್ಲ.

ಆ ಹುಡುಗ ಈಗ ಊರಿನಲ್ಲಿಲ್ಲ, ಕೆಲಸದ ಮೇಲೆ ಹೊರಗಿದ್ದಾನೆ. ತಂಗಿಯ ಮದುವೆ ಆಮೇಲೆ ಎರಡು ವರ್ಷ ಬಿಟ್ಟು ಬೇರೆ ಕಡೆ ಆಯಿತು. ನಮಗೂ ಆಮಂತ್ರಣ ಬಂದಿತ್ತು, ಹೋಗಿ ಉಂಡು ಬಂದೆವು. ಕೈ ತೊಳೆಯುವಲ್ಲಿ ಅವನೇ ಸಿಕ್ಕಿದ. “ಈಗ ಗೊತ್ತಾಯ್ತಾ, ಇದ್ದಾನಾ ಇಲ್ಲವಾ?” ಎಂದು ಕೇಳಿದೆವು. “ಇಲ್ಲ ಮಾರಾಯ್ರೆ, ಇನ್ನೂ ಗೊತ್ತಾಗಲಿಲ್ಲ. ನೀವು ಬರೆದಾಗ ಮಾತ್ರ ನನಗೇ ಮೊದಲು ಗೊತ್ತಾಯ್ತು” ಎಂದ.

ಅವತ್ತು ಪತ್ರಿಕೆಯಲ್ಲಿ ಬಾರದ ತಿದ್ದುಪಡಿಯನ್ನು ಈಗ ಇಲ್ಲಿ ಹಾಕುತ್ತಿದ್ದೇವೆ. ಅವನ ತಾಯಿಗೂ ಈ ಲಿಂಕ್ ಕಳಿಸುತ್ತೇವೆ.

ತಿದ್ದುಪಡಿ: ಬ್ರಹ್ಮಕಲಶೋತ್ಸವದ ಕರಸೇವೆಯ ಬಗ್ಗೆ ನಾವು ಬರೆದಿದ್ದ ಬಾಕ್ಸ್ ಸುದ್ದಿಯಲ್ಲಿ ‘ದೇವರೇ ಇಲ್ಲ ಎನ್ನುವ ಯುವಕ’ ಎಂದಿರುವುದನ್ನು ‘ದೇವರಿದ್ದಾನೋ ಇಲ್ಲವೋ ತನಗೆ ಗೊತ್ತಿಲ್ಲ ಎಂದ, ನಾಲ್ಕು ದಿನ ಮಣ್ಣು ಹೊತ್ತ ಯುವಕ’ ಎಂದು ಓದಿಕೊಳ್ಳಬೇಕು. ತಪ್ಪು ವರದಿಗಾರರದ್ದು.